ಬಾಡಿಗೆ ಮನೆ ಹಿಂದಿನ ಬರೆ (ಗುಡ್ಡ ಕಡಿದ ಕಡಿದಾದ ಮಣ್ಣಿನ ಬದಿ) ಜರಿಯುತ್ತಿದೆ, ಗೋಡೆಯಲ್ಲಿ ಕರೆಂಟು ಬರುತ್ತಿದೆ, ಓನರ್ ಕೇಳುತ್ತಿಲ್ಲ. ಏನು ಮಾಡಬಹುದು?

ಬೆಟ್ಟದಡಿ ಮನೆ (ಮಡಿಕೇರಿ):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ. ಮಳೆಗಾಲಕ್ಕೆ ಇನ್ನು ಮೂರು ವಾರವೂ ಇಲ್ಲ, ಅದಕ್ಕೇ ಗಾಬರಿಯಲ್ಲಿ ಬರೆಯುತ್ತಿದ್ದೇನೆ.

ನಾವು ಮಡಿಕೇರಿಯಲ್ಲಿ ಬಾಡಿಗೆಗೆ ಇದ್ದೇವೆ. ನಾನು, ಯಜಮಾನರು, ಅತ್ತೆ, ಐದು ವರ್ಷದ ಮಗಳು. ಗುಡ್ಡ ಕಡಿದು ಕಟ್ಟಿದ ಮನೆ. ಮೇಲಿನ ಮನೆ ಖಾಲಿ ಇದೆ, ಕೆಳಗಿನದರಲ್ಲಿ ನಾವು. ಬಾಡಿಗೆ 9000, ಅಡ್ವಾನ್ಸ್ 50 ಸಾವಿರ. 11 ತಿಂಗಳ ಅಗ್ರಿಮೆಂಟ್ ಮುಗಿದು ವರ್ಷ ಆಯಿತು, ಹೊಸದು ಮಾಡಿಲ್ಲ. ಬಾಡಿಗೆ ಮಾತ್ರ ತಿಂಗಳು ತಿಂಗಳು ಫೋನ್‌ಪೇಯಲ್ಲಿ ಹಾಕುತ್ತಾ ಬಂದಿದ್ದೇವೆ. ಓನರ್ ಇರುವುದು ಬೆಂಗಳೂರಲ್ಲಿ.

ಅಡುಗೆಮನೆ ಕಿಟಕಿಗೂ ಹಿಂದಿನ ಬರೆಗೂ ನಾಲ್ಕಡಿ ಅಂತರ ಅಷ್ಟೇ. ಹೋದ ವರ್ಷ ಕಕ್ಕಡ ಹದಿನೆಂಟರ ದಿನ (ಆಗಸ್ಟ್ ಮೊದಲಲ್ಲಿ ಬರುವ ನಮ್ಮ ಕೊಡಗಿನ ಆಚರಣೆ) ನಾನು ಮದ್ದು ಸೊಪ್ಪು ಬೇಯಿಸುತ್ತಾ ನಿಂತಿದ್ದೆ. ಹಿಂದಿನಿಂದ ಚೀಲ ಕೆಡವಿದ ಹಾಗೆ ದಪ್ಪ ಸದ್ದು. ತಿರುಗಿ ನೋಡಿದರೆ ಕಿಟಕಿಯ ಅರ್ಧಕ್ಕೆ ಕೆಂಪು ಮಣ್ಣು ಬಂದು ನಿಂತಿದೆ, ಗಾಜಿನ ಸಂದಿಯಿಂದ ನೀರು ಒಳಗೆ ಇಳಿಯುತ್ತಿದೆ. ಓನರ್‌ಗೆ ಫೋಟೋ ಕಳಿಸಿದೆವು. "ಕೊಡಗು ಅಲ್ವಾ, ಮಳೆ ಬಂದರೆ ಮಣ್ಣು ಬರುತ್ತೆ, ತೆಗೆಸಿಬಿಡಿ" ಅಂದರು. ನಾವೇ ಎರಡು ದಿನ ಬಕೆಟ್‌ನಲ್ಲಿ ಹೊತ್ತು ಹಾಕಿದೆವು, ಮೇಲೆ ನೀಲಿ ಟಾರ್ಪಾಲ್ ಕಟ್ಟಿದೆವು. ಈಗ ಮೇ ತಿಂಗಳ ಎರಡು ಜೋರು ಮಳೆಗೆ ಬರೆಯ ನೆತ್ತಿಯಲ್ಲಿ ಬಿರುಕು ಬಿಟ್ಟಿದೆ, ನನ್ನ ಅಂಗೈ ಒಳಗೆ ಹೋಗುತ್ತದೆ. ಅಲ್ಲಿರುವ ಸಿಲ್ವರ್ ಮರ ಮನೆ ಕಡೆಗೇ ವಾಲಿದೆ.

ಇದು ಒಂದಾಯಿತು. ಎರಡನೆಯದು, ಅಡುಗೆಮನೆಯ ಆ ಗೋಡೆ ಪೂರ್ತಿ ನೀರು ಕುಡಿದಿದೆ. ಮಿಕ್ಸಿ ಹಾಕುವ ಬೋರ್ಡಿನ ಸುತ್ತ ಬೂಸು ಹಿಡಿದು ಕಪ್ಪಾಗಿದೆ. ಬರಿಗಾಲಲ್ಲಿ ನಿಂತು ಸ್ವಿಚ್ ಮುಟ್ಟಿದರೆ ಜುಮ್ ಅನ್ನುತ್ತದೆ. ಮೊನ್ನೆ ಮಗಳು ಒದ್ದೆ ಕೈಯಲ್ಲಿ ಗೋಡೆ ಹಿಡಿದುಕೊಂಡು ಕಿರುಚಿದಳು. ಸ್ವಿಚ್ ಅಲ್ಲ, ಗೋಡೆ.

ಮೂರನೆಯದು ಬಚ್ಚಲು. ಗ್ಯಾಸ್ ಗೀಸರ್ ಒಳಗೇ ಇದೆ, ಸಿಲಿಂಡರೂ ಒಳಗೇ. ಇದ್ದ ಒಂದು ಸಣ್ಣ ಕಿಟಕಿಗೆ ಚಳಿ ಗಾಳಿ ಬರುತ್ತದೆ ಅಂತ ಹಿಂದೆ ಇದ್ದವರು ಯಾರೋ ಪ್ಲೈವುಡ್ ಹೊಡೆದಿದ್ದಾರೆ. ಅತ್ತೆಗೆ ಸ್ನಾನ ಮಾಡಿ ಬಂದ ಮೇಲೆ ಎರಡು ಸಲ ತಲೆ ಸುತ್ತು ಬಂದಿದೆ. ಬಿಪಿ ಇರಬಹುದು ಅಂದುಕೊಂಡು ಸುಮ್ನಿದ್ದೆವು.

ಏಪ್ರಿಲ್‌ನಿಂದ ಹೇಳುತ್ತಿದ್ದೇವೆ. ಮೊದಲು "ನೋಡೋಣ" ಅಂದರು, ಆಮೇಲೆ "ಅಗ್ರಿಮೆಂಟಲ್ಲಿ ರಿಪೇರಿ ನಿಮ್ಮದೇ ಅಂತ ಇದೆ, ಓದಿ" ಅಂದರು, ಈಗ ಫೋನ್ ಎತ್ತುವುದೇ ಇಲ್ಲ. ಅಗ್ರಿಮೆಂಟಲ್ಲಿ ಇರುವುದು "ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು" ಅಂತ. ಬರೆ ಜರಿಯುವುದು ಸಣ್ಣಪುಟ್ಟವೇ? ಬಾಡಿಗೆ ನಿಲ್ಲಿಸಬಹುದಾ? ನಾವೇ ಮಾಡಿಸಿ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದಾ? ದೂರು ಕೊಟ್ಟರೆ ಮನೆ ಬಿಡಿಸಿ ಅಡ್ವಾನ್ಸ್ ಮುರಿದುಕೊಂಡರೆ ಏನು ಗತಿ? ಗೊತ್ತಿದ್ದವರು ಹೇಳಿ.

---

ಕಾಫಿಗಿಡ 22:

ಅಕ್ಕ, ಇಂಥವರಿಗೆ ಒಂದೇ ಭಾಷೆ ಅರ್ಥ ಆಗೋದು. ಎರಡು ತಿಂಗಳ ಬಾಡಿಗೆ ನಿಲ್ಲಿಸಿ, ತಾನಾಗಿ ಓಡಿ ಬರುತ್ತಾರೆ. ನಮ್ಮ ಪಕ್ಕದ ಮನೆಯವರು ಹಾಗೇ ಮಾಡಿದ್ದು.

---

ವೈರಿಂಗ್ ಕೆಲಸ (ಕುಶಾಲನಗರ):

ಅಕ್ಕ, ಬಾಡಿಗೆ ವಿಷಯ ಬೇರೆಯವರು ಹೇಳಲಿ. ನಾನು ಹದಿನೆಂಟು ವರ್ಷದಿಂದ ವೈರಿಂಗ್ ಮಾಡುತ್ತಿದ್ದೇನೆ. ನಿಮ್ಮ ಎರಡನೆಯದು, ಮೂರನೆಯದು ಓದಿ ಊಟ ಅರ್ಧಕ್ಕೆ ಬಿಟ್ಟು ಬರೆಯುತ್ತಿದ್ದೇನೆ. ಇವೆರಡಕ್ಕೆ ಮಳೆ ಬರಬೇಕಂತಿಲ್ಲ, ಓನರ್ ಬರಬೇಕಂತಲೂ ಇಲ್ಲ. ಇವತ್ತೇ ಮಾಡಿ.

ಮೊದಲು ಗೀಸರ್. ಅದನ್ನು ಇವತ್ತಿನಿಂದ ಹಚ್ಚಬೇಡಿ. ಗ್ಯಾಸ್ ಉರಿಯುವಾಗ ಗಾಳಿ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕಣ್ಣು ಉರಿಯುವುದಿಲ್ಲ. ಸಿಲಿಂಡರ್ ಸೋರಿದರೆ ವಾಸನೆ ಬರುತ್ತದಲ್ಲ, ಹಾಗಲ್ಲ ಇದು. ಬರುವುದು ತಲೆನೋವು, ತಲೆಸುತ್ತು, ವಾಕರಿಕೆ, ಕಾಲಲ್ಲಿ ಬಲ ಇಲ್ಲದ ಹಾಗೆ ಆಗುವುದು. ಚಿಲಕ ಹಾಕಿಕೊಂಡು ಸ್ನಾನ ಮಾಡುವವರು ಅಲ್ಲೇ ಕುಸಿದರೆ ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಅತ್ತೆಯವರ ತಲೆಸುತ್ತು ಬಿಪಿಯೇ ಇರಬಹುದು, ಆದರೆ ಸ್ನಾನ ಆದ ಮೇಲೆಯೇ ಬಂದದ್ದು ಅಂದರೆ ನಾನಂತೂ ಗೀಸರನ್ನೇ ಅನುಮಾನಿಸುತ್ತೇನೆ. ಡಾಕ್ಟರ ಹತ್ತಿರ ಹೋದರೆ ಗೀಸರ್ ವಿಷಯವನ್ನೂ ಹೇಳಿ. ಪ್ಲೈವುಡ್ ಕಿತ್ತು ಹಾಕಿ. ಗೀಸರನ್ನೂ ಸಿಲಿಂಡರನ್ನೂ ಬಚ್ಚಲ ಹೊರಗೆ, ಗಾಳಿ ಆಡುವ ಕಡೆ ಹಾಕಿಸಿ ಬಿಸಿನೀರಿನ ಪೈಪು ಮಾತ್ರ ಒಳಗೆ ತರಬೇಕು. ಅಲ್ಲಿವರೆಗೆ ಹಂಡೆಯಲ್ಲೋ ಒಲೆ ಮೇಲೋ ಕಾಯಿಸಿಕೊಳ್ಳಿ. ಇನ್ನೊಂದು ಮಾತು, ಇದೇ ಕಾರಣಕ್ಕೆ ಚಳಿಗೆ ಅಂತ ಕೆಂಡದ ಬಾಂಡ್ಲಿ ಮಲಗುವ ಕೋಣೆಗೆ ತಂದು ಬಾಗಿಲು ಹಾಕಿಕೊಳ್ಳಬೇಡಿ. ನಮ್ಮ ಕಡೆ ಮಳೆಗಾಲದಲ್ಲಿ ಮಾಡುತ್ತಾರೆ, ತಪ್ಪು.

ಈಗ ಕರೆಂಟು. ಗೋಡೆಯಲ್ಲೇ ಹೊಡೆಯುತ್ತಿದೆ ಅಂದರೆ ಒಳಗಿನ ವೈರಿನ ಮೈ ಹೋಗಿದೆ ಅಥವಾ ಜಾಯಿಂಟ್ ನೀರಲ್ಲಿ ಕೂತಿದೆ. ಗೋಡೆ ಒದ್ದೆ ಇರುವುದರಿಂದ ಕರೆಂಟು ಹರಡಿಕೊಂಡು ಬರುತ್ತಿದೆ. ಆ ಬೋರ್ಡಿಗೆ ಹೋಗುವ ಎಂಸಿಬಿ (ಫ್ಯೂಸಿನ ಬದಲು ಇರುವ ಸ್ವಿಚ್) ಇಳಿಸಿ, ಮೇಲೆ ಟೇಪ್ ಸುತ್ತಿ, ಯಾರೂ ಮತ್ತೆ ಎತ್ತದ ಹಾಗೆ. ತುಂಬಾ ಜನ ಎಂಸಿಬಿ ಇದೆಯಲ್ಲ, ಶಾಕ್ ಹೊಡೆದರೆ ಬೀಳುತ್ತೆ ಅಂದುಕೊಂಡಿದ್ದಾರೆ. ಬೀಳಲ್ಲ. ಎಂಸಿಬಿ ಇರುವುದು ಲೋಡು ಜಾಸ್ತಿ ಆದಾಗ, ಶಾರ್ಟ್ ಆದಾಗ ವೈರ್ ಸುಡದಿರಲಿ ಅಂತ. ಮನುಷ್ಯನ ಮೈಯಲ್ಲಿ ಹರಿಯುವಷ್ಟು ಸಣ್ಣ ಕರೆಂಟಿಗೆ ಅದು ಅಲುಗಾಡುವುದೂ ಇಲ್ಲ. ಅದಕ್ಕೆ ಬೇಕಾದದ್ದು ಆರ್‌ಸಿಸಿಬಿ, 30 ಮಿಲಿ ಆಂಪಿಯರಿನದು. ಹೋಗುವ ಕರೆಂಟಿಗೂ ವಾಪಸ್ ಬರುವ ಕರೆಂಟಿಗೂ ಅಷ್ಟು ವ್ಯತ್ಯಾಸ ಕಂಡರೆ ಕ್ಷಣದಲ್ಲಿ ಕಡಿದುಬಿಡುತ್ತದೆ. ಮೀಟರ್ ಪಕ್ಕ ಬೋರ್ಡ್ ನೋಡಿ, "ಟಿ" ಅಂತ ಸಣ್ಣ ಗುಂಡಿ ಇರುವ ಅಗಲದ ಸ್ವಿಚ್ ಇದ್ದರೆ ಅದೇ. ಇದ್ದರೆ ಒತ್ತಿ ನೋಡಿ, ಬೀಳಬೇಕು. ಹಳೆ ಬಾಡಿಗೆ ಮನೆಗಳಲ್ಲಿ ಹೆಚ್ಚಿನ ಕಡೆ ಇರುವುದಿಲ್ಲ.

ಅರ್ತಿಂಗ್ ಹೊಂಡ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವುದು) ಎಲ್ಲಿದೆ ಅಂತಲೂ ಹುಡುಕಿ. ನಾನು ಹೋದ ಎಷ್ಟೋ ಮನೆಗಳಲ್ಲಿ ಮೂರು ಪಿನ್ನಿನ ಪ್ಲಗ್ ಇರುತ್ತದೆ, ಮೂರನೇ ತೂತಿನ ಹಿಂದೆ ವೈರೇ ಇರುವುದಿಲ್ಲ. ಲೈಸೆನ್ಸ್ ಇರುವ ಕಾಂಟ್ರಾಕ್ಟರನ್ನು ಕರೆಸಿ, ನೋಡಿದ ಮೇಲೆ "ಇಂಥ ಕಡೆ ಲೀಕೇಜ್ ಇದೆ, ಅರ್ತಿಂಗ್ ಇಲ್ಲ, ಬಳಸುವುದು ಅಪಾಯ" ಅಂತ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಆ ಕಾಗದ ಮುಂದೆ ನಿಮಗೆ ಬೇಕಾಗುತ್ತದೆ. ಮೀಟರ್‌ವರೆಗಿನ ತೊಂದರೆಗೆ ಸೆಸ್ಕ್‌ನವರು (ನಮ್ಮ ಕಡೆಯ ಕರೆಂಟು ಕಂಪನಿ), 1912ಕ್ಕೆ ಫೋನ್ ಮಾಡಿ. ಮೀಟರಿನಿಂದ ಈಚೆಗೆ ಮನೆಯದೇ ಜವಾಬ್ದಾರಿ.

---

ಕೋರ್ಟು ಬದಿ (ವಿರಾಜಪೇಟೆ):

ವಕೀಲಿ ಮಾಡುತ್ತಿದ್ದೇನೆ, ಹೆಚ್ಚಾಗಿ ಸಿವಿಲ್ ಕೇಸುಗಳು. ಕಾಫಿಗಿಡ ಅವರು ಹೇಳಿದ್ದನ್ನು ದಯವಿಟ್ಟು ಮಾಡಬೇಡಿ. ಬಾಡಿಗೆ ನಿಲ್ಲಿಸಿದ ದಿನವೇ ವಿಷಯ ಬರೆಯಿಂದ ಬಾಕಿಗೆ ತಿರುಗುತ್ತದೆ. ಕೋರ್ಟಲ್ಲಿ ಅವರು ನಿಮ್ಮ ಗೋಡೆ ಬಗ್ಗೆ ಒಂದು ಮಾತೂ ಆಡುವುದಿಲ್ಲ, "ಬಾಡಿಗೆ ಕೊಟ್ಟಿಲ್ಲ, ಬಿಡಿಸಿ" ಅಂತಾರೆ ಅಷ್ಟೇ. ಈಗ ನಿಮ್ಮ ಕೈ ಶುದ್ಧ ಇದೆ, ಪ್ರತಿ ತಿಂಗಳ ದಾಖಲೆ ಫೋನಲ್ಲಿದೆ. ಅದನ್ನು ಕೆಡಿಸಿಕೊಳ್ಳಬೇಡಿ.

ನಿಮಗೆ ಯಾವ ಕಾನೂನು ಅನ್ನುವುದು ಮೊದಲು. ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಇದೆ. ಆದರೆ ತಿಂಗಳ ಬಾಡಿಗೆ ಬೆಂಗಳೂರಿನಂಥ ಕಡೆ 3500, ಉಳಿದ ಕಡೆ 2000 ದಾಟಿದ ಮನೆಗಳು ಅದರ ಹೊರಗೆ. ನಿಮ್ಮದು 9000. ಹಾಗಾಗಿ ನಿಮಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. 2021ರಲ್ಲಿ ಕೇಂದ್ರ ಮಾದರಿ ಬಾಡಿಗೆ ಕಾಯ್ದೆ ತಂದಿತು. ಗೋಡೆ, ವೈರಿಂಗ್, ಪೈಪು ಇವೆಲ್ಲ ಮಾಲೀಕರದು ಅಂತ ಅದರ ಪಟ್ಟಿಯಲ್ಲಿ ಚೆನ್ನಾಗಿ ಬರೆದಿದ್ದಾರೆ. ಆದರೆ ಅದು ಮಾದರಿ, ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ನಡೆಯುತ್ತದೆ. ವಾಟ್ಸಾಪಲ್ಲಿ ಬಂದದ್ದನ್ನು ನೋಡಿ ಅದನ್ನೇ ನಂಬಿಕೊಂಡು ನನ್ನ ಹತ್ತಿರ ಬರುವವರು ತುಂಬಾ ಜನ.

1882ರ ಕಾಯ್ದೆಯ 108ನೇ ಕಲಂ ನಿಮಗೆ ಮುಖ್ಯ. ಅದರಲ್ಲಿ ಮೂರು ಮಾತು ಇಟ್ಟುಕೊಳ್ಳಿ. ಮಾಲೀಕರಿಗೆ ಗೊತ್ತಿದ್ದು, ಬಾಡಿಗೆದಾರರು ಸಾಮಾನ್ಯ ಎಚ್ಚರದಲ್ಲಿ ನೋಡಿದರೂ ಕಾಣದಂಥ ದೊಡ್ಡ ದೋಷ ಇದ್ದರೆ ಮೊದಲೇ ಹೇಳಬೇಕು. ಹಳೆಯ ವರ್ಷಗಳಲ್ಲೂ ಅಲ್ಲಿ ಬರೆ ಬಿದ್ದಿತ್ತಾ ಅಂತ ಅಕ್ಕಪಕ್ಕ ವಿಚಾರಿಸಿ, ಬಿದ್ದಿದ್ದರೆ ಅದು ನಿಮ್ಮ ಪರ. ಎರಡನೆಯದು, ಮಾಲೀಕರು ಮಾಡಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ಮಾಡದಿದ್ದರೆ ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಮೂರನೆಯದು, ಬೆಂಕಿ, ಬಿರುಗಾಳಿ, ನೆರೆಯಂಥ ತಡೆಯಲಾಗದ ಕಾರಣಕ್ಕೆ ಮನೆಯ ಮುಖ್ಯ ಭಾಗ ನಾಶವಾದರೆ ಅಥವಾ ಇರಲು ಯೋಗ್ಯವಲ್ಲದ ಹಾಗಾದರೆ ಬಾಡಿಗೆ ಕರಾರನ್ನು ಅಲ್ಲಿಗೇ ಮುಗಿಸುವ ಆಯ್ಕೆ ನಿಮ್ಮದು.

ಎರಡನೆಯದನ್ನು ಓದಿ ಖುಷಿಪಟ್ಟು ನಾಳೆಯೇ ಮೇಸ್ತ್ರಿಯನ್ನು ಕರೆಯಬೇಡಿ. "ಮಾಡಲೇಬೇಕಾದ ರಿಪೇರಿ" ಅನ್ನುವುದರಲ್ಲಿ ಎಲ್ಲ ಇದೆ. ಮಾಲೀಕರು ರಿಪೇರಿ ಮಾಡಲೇಬೇಕು ಅಂತ ಈ ಕಾಯ್ದೆ ತಾನಾಗಿ ಹೇಳುವುದಿಲ್ಲ, ಕರಾರು ಏನು ಹೇಳುತ್ತದೆ, ಆ ಊರಿನ ರೂಢಿ ಏನು ಅಂತ ನೋಡುತ್ತದೆ. ನಿಮ್ಮ ಕರಾರಲ್ಲಿ ಸಣ್ಣಪುಟ್ಟದ್ದು ಬಾಡಿಗೆದಾರರದು ಅಂತ ಇದೆಯಲ್ಲ, ಅಂದರೆ ದೊಡ್ಡದು ಅವರದು ಅಂತ ವಾದ ಮಾಡಬಹುದು. ನಾನಾದರೆ ಹಾಗೇ ಮಾಡುತ್ತೇನೆ. ತಡೆಗೋಡೆ, ಒಳಗಿನ ವೈರಿಂಗ್ ಇವನ್ನು ಯಾರೂ ಬಲ್ಬು ಬದಲಿಸುವ ಜೊತೆ ಸೇರಿಸುವುದಿಲ್ಲ. ಆದರೆ ವಾದ ಅಂದರೆ ವಾದ, ಎದುರಿನವರೂ ಮಾಡುತ್ತಾರೆ. ಅದಕ್ಕೆ ಸಣ್ಣ ಖರ್ಚನ್ನು ಅವರ ಒಪ್ಪಿಗೆ ಬರಹದಲ್ಲಿ ತೆಗೆದುಕೊಂಡು ಮಾಡಿ, ಒಂದು ವಾಟ್ಸಾಪ್ ಸಾಲು ಆದರೂ ಸಾಕು. ಲಕ್ಷಗಟ್ಟಲೆಯ ತಡೆಗೋಡೆಗೆ ನಿಮ್ಮ ದುಡ್ಡು ಹಾಕಬೇಡಿ.

ಈಗ ಮಾಡಬೇಕಾದದ್ದು ಕಾಗದ. ಫೋನಲ್ಲಿ ಹೇಳಿದ್ದು ಹೇಳಿದ ಹಾಗಲ್ಲ. ಒಂದು ಪುಟ ಸಾಕು, ಬೈಗುಳ ಬೇಡ. ಯಾವ ತಾರೀಕಿನಿಂದ ಮನೆಯಲ್ಲಿದ್ದೀರಿ, ಹೋದ ವರ್ಷ ಯಾವ ದಿನ ಮಣ್ಣು ಬಿತ್ತು, ಈಗ ಬಿರುಕು ಎಷ್ಟಿದೆ, ಕರೆಂಟಿನದು ಏನು, ಗೀಸರಿನದು ಏನು, ಎಷ್ಟು ದಿನದೊಳಗೆ ಏನು ಮಾಡಿಕೊಡಬೇಕು, ಇಷ್ಟೇ ಬರೆಯಿರಿ. ಫೋಟೋ ಜೊತೆಗಿಡಿ. ಬಿರುಕಿನ ಪಕ್ಕ ಸ್ಕೇಲ್ ಇಟ್ಟು ತೆಗೆಯಿರಿ. ಸ್ಪೀಡ್ ಪೋಸ್ಟಲ್ಲಿ ಕಳಿಸಿ, ತಲುಪಿದ್ದಕ್ಕೆ ಪುರಾವೆ ತೆಗೆದುಕೊಳ್ಳಿ. ಹಳೆಯ ರಿಜಿಸ್ಟರ್ಡ್ ಪೋಸ್ಟನ್ನು 2025ರ ಸೆಪ್ಟೆಂಬರಿನಿಂದ ಸ್ಪೀಡ್ ಪೋಸ್ಟಿಗೇ ಸೇರಿಸಿದ್ದಾರೆ, ಕೌಂಟರಲ್ಲಿ ಕೇಳಿದರೆ ಹೇಳುತ್ತಾರೆ. ಅದೇ ಕಾಗದವನ್ನು ವಾಟ್ಸಾಪಲ್ಲೂ ಹಾಕಿ.

ಅದರ ನಕಲು ಇಟ್ಟು ಇನ್ನೊಂದು ಅರ್ಜಿ ನಗರಸಭೆ ಪೌರಾಯುಕ್ತರಿಗೆ ಕೊಡಿ, ಇನ್ನೊಂದು ಉಪವಿಭಾಗಾಧಿಕಾರಿಗೆ. ಬೀಳುವ ಹಾಗಿರುವ ಕಟ್ಟಡದ ಬಗ್ಗೆ ಮಾಲೀಕರಿಗೆ ನೋಟಿಸ್ ಕೊಡುವ ಅಧಿಕಾರ ನಗರಸಭೆಗೆ ಇದೆ. ಬೀಳುವ ಸ್ಥಿತಿಯ ಕಟ್ಟಡ ಅಥವಾ ಮರದಿಂದ ಸುತ್ತ ಇರುವವರಿಗೆ, ದಾರಿಯಲ್ಲಿ ಹೋಗುವವರಿಗೆ ಅಪಾಯ ಇದ್ದರೆ ಅದನ್ನು ಸರಿಪಡಿಸಿ, ತೆಗೆಯಿರಿ ಅಂತ ಆದೇಶ ಮಾಡುವ ಅಧಿಕಾರ ಉಪವಿಭಾಗಾಧಿಕಾರಿಗೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 152ನೇ ಕಲಂನಲ್ಲಿ ಇದೆ, ಹಳೆ ಸಿಆರ್‌ಪಿಸಿಯಲ್ಲಿ (ದಂಡ ಪ್ರಕ್ರಿಯಾ ಸಂಹಿತೆ) 133 ಅಂತಿದ್ದದ್ದು. ವಾಲಿದ ಸಿಲ್ವರ್ ಮರ ಇದಕ್ಕೆ ಸರಿಯಾಗಿ ಕೂರುತ್ತದೆ. ಗುಡ್ಡದಲ್ಲಿ ನಿಮಗಿಂತ ಕೆಳಗೆ ಬೇರೆ ಮನೆಗಳಿದ್ದರೆ ಅವರ ಸಹಿಯನ್ನೂ ಹಾಕಿಸಿ. ಅರ್ಜಿ ಕೊಟ್ಟಾಗ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ.

ಮನೆ ಬಿಡಿಸುವ ಹೆದರಿಕೆ ಬಗ್ಗೆ. ನಿಮ್ಮದು ಈಗ ತಿಂಗಳ ಬಾಡಿಗೆ ಲೆಕ್ಕ. 15 ದಿನದ ನೋಟಿಸ್ ಕೊಟ್ಟು ಬಿಡಿ ಅನ್ನುವ ಹಕ್ಕು ಅವರಿಗೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನೋಟಿಸ್ ಕೊಟ್ಟ ಮಾತ್ರಕ್ಕೆ ಸಾಮಾನು ಹೊರಗೆ ಹಾಕುವ ಹಾಗಿಲ್ಲ, ಬೀಗ ಬದಲಿಸುವ ಹಾಗಿಲ್ಲ. ನೀವು ಬಿಡದಿದ್ದರೆ ಅವರು ಕೋರ್ಟಿಗೆ ಹೋಗಬೇಕು. ಬಲವಂತದಲ್ಲಿ ಹೊರಗೆ ಹಾಕಿದರೆ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಪಡೆಯಬಹುದು, ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ.

ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. ಮಡಿಕೇರಿಯಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೊಡುತ್ತಾರೆ, 1987ರ ಕಾಯ್ದೆಯಲ್ಲೇ ಇದೆ. ಅರ್ಜಿಯನ್ನು ನಿಮ್ಮ ಹೆಸರಲ್ಲೇ ಕೊಡಿ. ಫೋನ್ ಮಾಡುವುದಾದರೆ 15100. ಅಡ್ವಾನ್ಸ್ ವಿಷಯವನ್ನೂ ಕೇಸು ಹಾಕುವ ಮುಂಚೆಯೇ ಅಲ್ಲಿ ಇಬ್ಬರನ್ನೂ ಕರೆಸಿ ಮಾತಾಡಿಸಬಹುದು.

---

ಮಕ್ಕಂದೂರು ಕಡೆಯವ:

ಅಕ್ಕ, ವಕೀಲರು ಹೇಳಿದ್ದೆಲ್ಲ ಮಾಡಿ. ಆದರೆ ಅದರ ಉತ್ತರ ಬರುವ ತನಕ ಆ ಅಡುಗೆಮನೆಯಲ್ಲಿ ರಾತ್ರಿ ಯಾರೂ ಮಲಗಬೇಡಿ. 2018ರ ಆಗಸ್ಟಿನಲ್ಲಿ ನಾವೂ ಬಾಡಿಗೆಯಲ್ಲೇ ಇದ್ದೆವು. ನಮ್ಮ ಮನೆ ಹಿಂದೆಯೂ ನೇರಕ್ಕೆ ಕಡಿದ ಬರೆ ಇತ್ತು, ಇಪ್ಪತ್ತಡಿ ಇರಬಹುದು. ಬೀಳುವ ಹಿಂದಿನ ದಿನ ಬರೆಯ ಬುಡದಿಂದ ನೀರು ಬರಲು ಶುರುವಾಯಿತು. ಮಳೆಗಾಲದಲ್ಲಿ ಎಲ್ಲ ಕಡೆ ಒರತೆ ಏಳುತ್ತದೆ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬೆಳಿಗ್ಗೆ ತಿಳಿಯಾಗಿದ್ದ ನೀರು ಮಧ್ಯಾಹ್ನಕ್ಕೆ ಚಹಾದ ಬಣ್ಣಕ್ಕೆ ತಿರುಗಿತು. ಸಂಜೆ ಹಿಂಬಾಗಿಲು ಹಾಕಲು ಹೋದರೆ ಚೌಕಟ್ಟಿಗೆ ಸಿಕ್ಕಿಕೊಂಡು ಮುಚ್ಚಲೇ ಇಲ್ಲ. ಅಮ್ಮ "ಮರ ಮಳೆಗೆ ಉಬ್ಬಿದೆ" ಅಂದರು. ಅಪ್ಪ ಬಾಗಿಲನ್ನು ಸ್ವಲ್ಪ ಹೊತ್ತು ನೋಡಿ, ಬಾಗಿಲಲ್ಲ, ಗೋಡೆ ಸರಿದಿದೆ ಅಂದರು. ಅದೊಂದು ಮಾತಿಗೆ ನಾವು ಬದುಕಿದೆವು. ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದು ರಸ್ತೆ ಆಚೆ ಶಾಲೆಯಲ್ಲಿ ಕೂತೆವು. ಬೆಳಗಾದಾಗ ಹಿಂದಿನ ಎರಡು ಕೋಣೆ ಇರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಕಲಕು ನೀರು ಬಂದರೆ, ಬಾಗಿಲು ಕಿಟಕಿ ಸಿಕ್ಕಿಕೊಂಡರೆ, ನೆಲದಲ್ಲಿ ಹೊಸ ಬಿರುಕು ಕಂಡರೆ, ಮರ, ಲೈಟು ಕಂಬ ವಾಲಿದರೆ, ಯೋಚನೆ ಮಾಡುತ್ತಾ ನಿಲ್ಲಬೇಡಿ. ನಿಮ್ಮಲ್ಲಿ ಎರಡು ಈಗಾಗಲೇ ಇದೆ, ಮಳೆ ಇನ್ನೂ ಶುರುವೇ ಆಗಿಲ್ಲ. ಜಿಲ್ಲೆಯ ಕಂಟ್ರೋಲ್ ರೂಂ 1077, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಿ. ಕಾಳಜಿ ಕೇಂದ್ರ ತೆರೆದರೆ ಅವಮಾನ ಅಂದುಕೊಳ್ಳದೆ ಹೋಗಿ.

ನೆತ್ತಿಯ ಬಿರುಕಿಗೆ ನೀರು ಇಳಿಯದ ಹಾಗೆ ಮಾಡುವುದು ನೀವೇ ಮಾಡಬಹುದಾದ ಕೆಲಸ. ಬಿರುಕಿನೊಳಗೆ ಜೇಡಿ ಮಣ್ಣು ತುಂಬಿ ತುಳಿದು, ಮೇಲೆ ಟಾರ್ಪಾಲ್ ಹಾಕಿ, ಬರೆಯ ಮೇಲ್ಭಾಗದಲ್ಲಿ ನೀರು ಪಕ್ಕಕ್ಕೆ ಹೋಗುವ ಹಾಗೆ ಚರಂಡಿ ತೋಡಬೇಕು. ಆದರೆ ನೀವು ಹತ್ತಬೇಡಿ, ಗೊತ್ತಿರುವ ಕೆಲಸದವರನ್ನು ಒಣ ದಿನದಲ್ಲಿ ಕರೆಸಿ. ಬುಡದ ಮಣ್ಣು ಮಾತ್ರ ತೆಗೆಯಬೇಡಿ. ಹೋದ ವರ್ಷ ನೀವು ಬಕೆಟಲ್ಲಿ ಹೊತ್ತದ್ದು ಓದಿ ಎದೆ ಝಲ್ ಅಂದಿತು. ಬಿದ್ದ ಮಣ್ಣು ಬುಡಕ್ಕೆ ಒತ್ತು ಕೊಟ್ಟು ನಿಂತಿರುತ್ತದೆ, ಅದನ್ನು ತೆಗೆದರೆ ಮೇಲಿನದು ಬರುತ್ತದೆ. ಎಂಜಿನಿಯರ್ ನೋಡದೆ ಮುಟ್ಟಬಾರದು.

ಇನ್ನೊಂದು ನಮಗೆ ಆಮೇಲೆ ಗೊತ್ತಾದದ್ದು. ಮನೆ ಬಿದ್ದರೆ ಮನೆಯ ಪರಿಹಾರ ಮಾಲೀಕರ ಹೆಸರಿಗೆ. ಬಟ್ಟೆ ಪಾತ್ರೆ ಹೋದದ್ದಕ್ಕೆ ಕೊಡುವ ನೆರವು ಅಲ್ಲಿ ವಾಸ ಇದ್ದ ಕುಟುಂಬಕ್ಕೆ. ಆದರೆ ನಾವು ಅಲ್ಲಿ ವಾಸ ಇದ್ದೆವು ಅಂತ ತೋರಿಸಲು ನಮ್ಮ ಕೈಯಲ್ಲಿ ಒಂದು ಚೀಟಿ ಇರಲಿಲ್ಲ, ಎಲ್ಲ ಮಣ್ಣಿನಡಿ. ಅಗ್ರಿಮೆಂಟ್, ಆಧಾರ್, ರೇಷನ್ ಕಾರ್ಡ್, ಮಗಳ ಶಾಲೆ ದಾಖಲೆ, ಗ್ಯಾಸ್ ಬುಕ್ಕು, ಅತ್ತೆಯವರ ಮಾತ್ರೆ ಚೀಟಿ, ಎಲ್ಲ ಒಂದು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಮುಂಬಾಗಿಲ ಹಿಂದೆ ನೇತು ಹಾಕಿ.

---

ಮನೆ ಮಾಲೀಕ (ವಿರಾಜಪೇಟೆ):

ನನಗೂ ಎರಡು ಬಾಡಿಗೆ ಮನೆ ಇದೆ, ಹಾಗಾಗಿ ಆ ಕಡೆಯ ಮಾತೂ ಹೇಳುತ್ತೇನೆ. ತಡೆಗೋಡೆ ಅಂದರೆ ಲಕ್ಷಗಳ ಮಾತು, ಒಂಬತ್ತು ಸಾವಿರ ಬಾಡಿಗೆಯಲ್ಲಿ ಅದು ಎದ್ದು ಬರಲು ವರ್ಷಗಳು ಬೇಕು. ಮಳೆ ಶುರುವಾದ ಮೇಲೆ ಮಾಡಲೂ ಆಗುವುದಿಲ್ಲ. ಮಣ್ಣು ಕೆಲಸಕ್ಕೆ ಜೆಸಿಬಿ ಇಳಿಸದಂತೆ ಜಿಲ್ಲಾಡಳಿತ ತಡೆ ಹಾಕುವುದುಂಟು, ಹಾಕದಿದ್ದರೂ ಆ ಮಣ್ಣಿನಲ್ಲಿ ಪಾಯ ನಿಲ್ಲುವುದಿಲ್ಲ. ಅಂದರೆ ಈ ಮಳೆಗಾಲಕ್ಕೆ ನಿಮಗೆ ಗೋಡೆ ಸಿಗುವುದಿಲ್ಲ, ಯಾರು ಆದೇಶ ಮಾಡಿದರೂ ಸಿಗುವುದಿಲ್ಲ. ಅದನ್ನು ತಿಳಿದುಕೊಂಡು ಮಾತಾಡಿ.

ಹಾಗಂತ ನಿಮ್ಮ ಓನರ್ ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಮಗು ಗೋಡೆ ಮುಟ್ಟಿ ಶಾಕ್ ಹೊಡೆಸಿಕೊಂಡಿದೆ ಅಂದ ಮೇಲೂ ಫೋನ್ ಎತ್ತದಿದ್ದರೆ ಅವರಿಗೆ ಬಾಡಿಗೆ ತೆಗೆದುಕೊಳ್ಳುವ ಮುಖ ಇಲ್ಲ. ವೈರಿಂಗ್, ಗೀಸರ್ ಇವೆರಡೂ ಕೆಲವು ಸಾವಿರದ ಕೆಲಸ. ನಾನು ಹೋದ ವರ್ಷ ಎರಡೂ ಮನೆಗೆ ಆರ್‌ಸಿಸಿಬಿ ಹಾಕಿಸಿದೆ, ಬಾಡಿಗೆದಾರರು ಕೇಳಿರಲೇ ಇಲ್ಲ. ನೀವು ಕಾಗದದಲ್ಲಿ ಇವೆರಡನ್ನು ಬೇರೆ ಮಾಡಿ, ವಾರದೊಳಗೆ ಆಗಬೇಕು ಅಂತ ಬರೆಯಿರಿ. ಬರೆಗೆ ಈಗ ಚರಂಡಿ, ಟಾರ್ಪಾಲ್, ಮರ ಕಡಿಸುವುದು, ಮಳೆ ನಿಂತ ಮೇಲೆ ಗೋಡೆ, ಅಲ್ಲಿವರೆಗೆ ಬಾಡಿಗೆ ಕಡಿಮೆ ಅಥವಾ ಅಡ್ವಾನ್ಸ್ ಪೂರ್ತಿ ಕೊಟ್ಟು ಬಿಡುಗಡೆ, ಹೀಗೆ ಕೇಳಿ. ಒಟ್ಟಿಗೆ ಎಲ್ಲ ಕೇಳಿದರೆ ಗೋಡೆಯ ಖರ್ಚು ನೋಡಿ ಹೆದರಿ ಏನನ್ನೂ ಮಾಡುವುದಿಲ್ಲ.

---

ಲೈನ್‌ಮನೆ ಹುಡುಗಿ (ಸಿದ್ದಾಪುರ):

ಇದೇ ಜಾಗದಲ್ಲಿ ನಂದೂ ಒಂದು ಪ್ರಶ್ನೆ. ಅಪ್ಪ ಅಮ್ಮ ತೋಟದ ಲೈನ್‌ಮನೆಯಲ್ಲಿದ್ದಾರೆ (ಕೆಲಸಗಾರರಿಗೆ ತೋಟದವರು ಕೊಡುವ ಸಾಲುಮನೆ). ಬಾಡಿಗೆ ಇಲ್ಲ, ಕಾಗದ ಇಲ್ಲ. ಹೆಂಚು ಒಡೆದು ಮೂರು ವರ್ಷ, ಹಿಂದಿನ ಗೋಡೆ ಹೊಟ್ಟೆ ಬಂದಿದೆ. ಬಾಡಿಗೆ ಕೊಡದವರು ಕೇಳುವ ಹಾಗೆ ಇದೆಯಾ?

---

ಕೋರ್ಟು ಬದಿ (ವಿರಾಜಪೇಟೆ):

ಖಂಡಿತ ಇದೆ ತಂಗಿ. ನಿಮ್ಮದು ಇನ್ನೂ ಗಟ್ಟಿ. ತೋಟದ ಕೆಲಸಗಾರರಿಗೆ ಮನೆ ಕೊಡುವುದು, ಅದನ್ನು ಸುಸ್ಥಿತಿಯಲ್ಲಿ ಇಡುವುದು ಮಾಲೀಕರ ಹೊಣೆ ಅನ್ನುವುದು 1951ರ ತೋಟ ಕಾರ್ಮಿಕ ಕಾಯ್ದೆಯಿಂದ ಬಂದದ್ದು. ಕೊಟ್ಟ ಮನೆ ಕುಸಿದು ಜೀವ ಹೋದರೆ, ಗಾಯವಾದರೆ ಪರಿಹಾರವೂ ಮಾಲೀಕರದೇ ಅಂತ ಆಮೇಲೆ ಸೇರಿಸಿದರು. ಈಗ ಹೊಸ ಕಾರ್ಮಿಕ ಸಂಹಿತೆ ಬಂದಿದೆ, ಅದರಲ್ಲೂ ತೋಟದವರ ಮನೆಯ ವಿಷಯ ಇದೆ. ಸಣ್ಣ ತೋಟಗಳಿಗೆ ಇದು ತಾಗುವುದಿಲ್ಲ, ಹಳೆ ಕಾಯ್ದೆಯಲ್ಲಿ 5 ಹೆಕ್ಟೇರ್, 15 ಜನ ಕೆಲಸಗಾರರು ಅಂತ ಲೆಕ್ಕ ಇತ್ತು. ಅರ್ಜಿ ಕಾರ್ಮಿಕ ಇಲಾಖೆಗೆ, ಒಬ್ಬರೇ ಕೊಡಬೇಡಿ, ಲೈನಿನ ಎಲ್ಲ ಮನೆಯವರೂ ಸೇರಿ ಕೊಡಿ. ಅದು ಆಗುವವರೆಗೆ ಆ ಗೋಡೆ ಕಡೆ ಮಂಚ ಹಾಕಬೇಡಿ. ಪಂಚಾಯಿತಿಗೂ ಒಂದು ನಕಲು ಕೊಡಿ.

---

ಕಾಫಿಗಿಡ 22:

ವಕೀಲರೇ, ನಾನು ತಿಳಿಯದೆ ಬರೆದೆ. ಅಕ್ಕ, ಬಾಡಿಗೆ ನಿಲ್ಲಿಸಬೇಡಿ. ಪಕ್ಕದ ಮನೆಯವರನ್ನು ಇವತ್ತು ಕೇಳಿದೆ, ಅವರಿಗೆ ಓನರ್ ಓಡಿ ಬಂದದ್ದು ನಿಜ, ಆದರೆ ಆಮೇಲೆ ಅಡ್ವಾನ್ಸಲ್ಲಿ ಪೂರ್ತಿ ಮುರಿದುಕೊಂಡರಂತೆ. ಮರ ಕಡಿಸಲು ಆಳು ಬೇಕಾದರೆ ಹೇಳಿ, ನಮ್ಮ ತೋಟಕ್ಕೆ ಬರುವ ಕಪಾತಿನವರು (ಮರದ ಕೊಂಬೆ ಕಡಿಯುವವರು) ಇದ್ದಾರೆ. ಹಗ್ಗ ಕಟ್ಟಿ ಮೇಲಿನಿಂದ ತುಂಡು ತುಂಡಾಗಿ ಇಳಿಸುತ್ತಾರೆ.

---

ಬೆಟ್ಟದಡಿ ಮನೆ (ಮಡಿಕೇರಿ):

ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಬೇಕಲ್ಲ.

ಪ್ಲೈವುಡ್ ಅದೇ ರಾತ್ರಿ ಕಿತ್ತೆವು. ಗೀಸರ್ ಹಚ್ಚುವುದು ನಿಲ್ಲಿಸಿದ ಮೇಲೆ ಅತ್ತೆಗೆ ತಲೆಸುತ್ತು ಮತ್ತೆ ಬಂದಿಲ್ಲ. ಕುಶಾಲನಗರದ ಅಣ್ಣ, ನಿಮ್ಮನ್ನು ನಮ್ಮ ಮನೆಯಲ್ಲಿ ದಿನಾ ನೆನೆಯುತ್ತೇವೆ.

ಕಾಗದ ಸ್ಪೀಡ್ ಪೋಸ್ಟಲ್ಲಿ ಹಾಕಿ, ನಗರಸಭೆಯಲ್ಲಿ ಸೀಲು ಹಾಕಿಸಿಕೊಂಡೆ. ಕೌಂಟರಲ್ಲಿ "ಬಾಡಿಗೆಯವರು ಯಾಕೆ ಕೊಡ್ತೀರಿ, ಓನರ್ ಬರಲಿ" ಅಂದರು. ಅಲ್ಲಿ ಮಲಗುವುದು ನಾವು ಅಂದೆ. ತೆಗೆದುಕೊಂಡರು. ಐದನೇ ದಿನ ಎಂಜಿನಿಯರ್ ಬಂದು ಬಿರುಕಿನ ಫೋಟೋ ತೆಗೆದುಕೊಂಡು, ಮರ ನೋಡಿ, ಓನರ್‌ಗೆ ನೋಟಿಸ್ ಹೋಗುತ್ತದೆ ಅಂದರು. ಮರುದಿನ ಬೆಳಿಗ್ಗೆ ಏಳೂವರೆಗೆ ಓನರ್ ಫೋನ್. ಮೊದಲು ತುಂಬಾ ಕೂಗಾಡಿದರು. ವಿರಾಜಪೇಟೆಯ ಮನೆ ಮಾಲೀಕ ಅಣ್ಣ ಹೇಳಿದ ಹಾಗೆ ಬೇರೆ ಬೇರೆ ಮಾಡಿ ಕೇಳಿದೆ. ವೈರಿಂಗ್ ಮತ್ತು ಗೀಸರ್ ಹೊರಗೆ ಹಾಕಿಸುವುದಕ್ಕೆ ಒಪ್ಪಿ ವಾಟ್ಸಾಪಲ್ಲಿ "ಮಾಡಿಸಿ, ಬಾಡಿಗೆಯಲ್ಲಿ ಕಳೆಯಿರಿ" ಅಂತ ಹಾಕಿದರು. ಎರಡೂ ಸೇರಿ 7,400 ಆಯಿತು, ಬಿಲ್ಲು ಕಳಿಸಿ ಉಳಿದ 1,600 ಹಾಕಿದ್ದೇನೆ. ಬೋರ್ಡು ಬಿಚ್ಚಿದಾಗ ಒಳಗಿನಿಂದ ಅರ್ಧ ಲೋಟ ನೀರು ಸುರಿಯಿತು. ನನ್ನ ಮಗಳು ದಿನಾ ಆ ಗೋಡೆ ಹಿಡಿದೇ ಓಡಾಡುತ್ತಿದ್ದದ್ದು.

ಮರ ನಾಳೆ ಇಳಿಸುತ್ತಾರೆ, ಕಾಫಿಗಿಡದ ತಮ್ಮ ಕಳಿಸಿದ ಆಳುಗಳೇ. ಚರಂಡಿ ಆಗಿದೆ. ತಡೆಗೋಡೆ ಮಳೆ ಮುಗಿದ ಮೇಲೆ ಅಂದರು, ಬರೆದು ಕೊಡಿ ಅಂದರೆ ಮಾತು ಬದಲಿಸಿದರು. ಹಾಗಾಗಿ ನಾವು ಬಿಡುವುದು ಅಂತ ತೀರ್ಮಾನ ಮಾಡಿದೆವು. ಅಡ್ವಾನ್ಸಿಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟಿದ್ದೇನೆ, ಇಬ್ಬರನ್ನೂ ಕರೆಸುತ್ತಾರಂತೆ. ಅತ್ತೆ, ಮಗಳು ನಿನ್ನೆಯೇ ತಂಗಿ ಮನೆಗೆ ಹೋದರು. ಕಾಗದಗಳ ಕವರ್ ಮುಂಬಾಗಿಲ ಹಿಂದೆ ನೇತಾಡುತ್ತಿದೆ.

ಮಡಿಕೇರಿಯಲ್ಲಿ ಇರುವ ಮನೆಗಳೆಲ್ಲ ಹೋಂಸ್ಟೇ ಆಗಿವೆ, ವಾರದಿಂದ ಹುಡುಕುತ್ತಿದ್ದೇವೆ. ಸುಂಟಿಕೊಪ್ಪವಾದರೂ ಸರಿ, ಬಸ್ಸಲ್ಲಿ ಓಡಾಡುತ್ತೇವೆ. ಹತ್ತು ಸಾವಿರದೊಳಗೆ, ಹಿಂದೆ ಬರೆ ಇಲ್ಲದ ಮನೆ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.